ಕಾಲುವೆಯ ಕೆಳಗಿನ ಊರು

ಪಕ್ಕದ ಮನೆಯ ಕೆಂಪಸಿದ್ದಯ್ಯ ಸತ್ತದ್ದು ಕಾಲರಾದಿಂದ ಎಂದು ಊರಿಗೆಲ್ಲ ಗೊತ್ತಿತ್ತು. ಆದರೂ ಊರ ಪಟೇಲ, ಅಂದರೆ ನನ್ನ ಗಂಡ ಮಾದಯ್ಯ, ಬರೀ ಜ್ವರವೆಂದು ಮಳವಳ್ಳಿಯ ತಾಲ್ಲೂಕು ಕಚೇರಿಗೆ ಹೇಳಿ ಕಳಿಸಿದ. ನಿಜ ಹೇಳಿದರೆ ಹೆಲ್ತ್ ಇನ್ಸ್‌ಪೆಕ್ಟರು ಸೂಜಿಮದ್ದು ಹಿಡಿದು ಬರುತ್ತಾರೆ, ಚುಚ್ಚಿಸಿಕೊಂಡವರು ತೋಳೆತ್ತಲಾರರು, ಹೊಸ ಕಾಲುವೆಯ ನೀರಲ್ಲಿ ಮೊದಲ ಸಲ ನಡೆಯುತ್ತಿರುವ ನಾಟಿ ನಿಂತುಹೋಗುತ್ತದೆ ಎಂಬ ಭಯ ಅವನಿಗೆ. ಗಂಡಸರೆಲ್ಲ ಸೈ ಅಂದರು. ಬತ್ತದ ಆಸೆ ಹತ್ತಿದವರಿಗೆ ಬುದ್ಧಿ ಎಲ್ಲಿಂದ ಬರಬೇಕು.

ಮಧ್ಯಾಹ್ನ ಕೆಂಪಸಿದ್ದಯ್ಯನ ಹೆಂಡತಿ ಪಟ್ಟಲಮ್ಮ ಒದ್ದೆ ಬಟ್ಟೆಯ ಗಂಟು ಹೊತ್ತು ಬರುತ್ತಿದ್ದಳು. ಸತ್ತವನ ಹಾಸಿಗೆಬಟ್ಟೆ.

“ಅಲ್ಲ ಕಣಮ್ಮಿ, ಅದ್ನ ಕಾಲ್ವೇಲಿ ಒಗ್ದ್ಯಾ?” ಅಂದೆ.

“ಇನ್ನೆಲ್ಲಿ ಒಗೀಲಕ್ಕ? ಹರಿಯೋ ನೀರ್ಗೆ ಮೈಲ್ಗೆ ಇಲ್ವಲ್ಲ.”

ಆ ಕಾಲುವೆ ಇಳಿಯುವುದು ನನ್ನ ಮಗಳು ಹೊಂಬಾಳಮ್ಮನ ಗಂಡನ ಊರಿಗೆ. ಅವಳು ತುಂಬು ಬಸುರಿ, ಕುಡಿಯುವುದು ಅದೇ ನೀರು. ಪಟ್ಟಲಮ್ಮನನ್ನು ಬಯ್ಯಲು ಬಾಯಿ ಬರಲಿಲ್ಲ. ಅತ್ತು ಅತ್ತು ಅವಳ ಮುಖ ಊದಿಹೋಗಿತ್ತು.

ನೇರ ಗದ್ದೆಗೆ ಹೋಗಿ ಗಂಡನಿಗೆ ಹೇಳಿದೆ.

“ನಿನ್ ನಾಟಿ ಹಾಳಾಗೋಗ್ಲಿ. ನನ್ ಮಗ್ಳಿಗೇನಾರ ಆದ್ರೆ ನಿನ್ ಮನೆ ಒಸ್ಲು ತುಳ್ಯಾಕಿಲ್ಲ.”

ಅವನು ಗದ್ದೆಯಿಂದೆದ್ದು ಬಂದು ಗಾಡಿ ಕಟ್ಟಿದ. ದಾರಿಯಲ್ಲಿ ಸಿಗುವ ಕಿರುಗಾವಲು ಎಂಬ ಊರಿನಲ್ಲಿ ಸೂಜಿ ಹಾಕುತ್ತಿದ್ದ ಇನ್ಸ್‌ಪೆಕ್ಟರನ್ನು ಕೂರಿಸಿಕೊಂಡು ಮಗಳ ಊರು ಸೇರುವ ತನಕ ಮುಕ್ಕೋಟಿ ದೇವರಿಗೂ ಹರಕೆ ಹೊತ್ತೆ.

ಅಲ್ಲಿ ಬೀಗರು ದೊಡ್ಡಸಿದ್ದಯ್ಯ ಬಾಗಿಲಿಗೆ ಅಡ್ಡ ನಿಂತರು.

“ನಮ್ಮೂರಲ್ಲಿ ಯಾವ ಕಾಯ್ಲೇನೂ ಇಲ್ಲ. ಬಸ್ರಿ ಸೊಸೆಗೆ ಸೂಜಿ ಚುಚ್ಚಕ್ ಬುಡಾಕಿಲ್ಲ.”

ಕಾಲುವೆಯ ನೀರು ಕಾಯಿಸಿಯಾದರೂ ಕುಡಿಯಿರಿ ಎಂದು ಇನ್ಸ್‌ಪೆಕ್ಟರು ಬೇಡಿಕೊಂಡರು. ಅದಕ್ಕೂ ಬೀಗರು ಜಗ್ಗಲಿಲ್ಲ. ಜನ ಸೇರತೊಡಗಿದರು. ನಾನು ಗಂಡನ ಮುಖ ನೋಡಿದೆ. ನಾಲ್ಕೂರಿಗೆ ನ್ಯಾಯ ಹೇಳುವವನು ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದ.

“ನಮ್ಮೂರಲ್ಲಿ ಸತ್ತೋನು ಕಾಲರಕ್ಕೆ ಸತ್ತ ಬೀಗ್ರೇ,” ಅಂದ ಕೊನೆಗೆ. “ಅವನ ಬಟ್ಟೆ ಒಗ್ದಿದ್ದು ನೀವು ಕುಡಿಯೋ ನೀರ್ನಲ್ಲೇ. ಜ್ವರ ಅಂತ ಸುಳ್ ಹೇಳ್ದೋನು ನಾನೇ.”

“ಮಗ್ಳ್ನ ಕೊಟ್ಟ ಊರು ಅಂತಾನೂ ನೆಪ್ಪಾಗ್ಲಿಲ್ವಾ?” ಅಂದರು ಬೀಗರು. ಬಾಗಿಲು ಬಿಟ್ಟು ಸರಿದರು.

ಹೊಂಬಾಳಮ್ಮ ಹೊರಗೆ ಬಂದು, ಸೆರಗು ಸರಿಸಿ ಸೂಜಿಗೆ ತೋಳು ಕೊಟ್ಟಳು. ಕಣ್ಣು ಮಾತ್ರ ಅಪ್ಪನ ಮೇಲೇ ಇತ್ತು.

“ಈಗ್ತಾನೆ ಒಂದ್ ಚೊಂಬು ಕುಡ್ದೆ ಕಣಪ್ಪ,” ಅಂದಳು.