ನಾಲ್ಕು ತೂತಿನ ಗಾಲಿ

ವೆಂಡೆಲ್ ರೂಪ್ ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು, ಮಂಡಿಯೂರಿ, ಕಾರೆತ್ತುವ ಹಳೆಯ ಗಾಲಿಜಾಕಿನ ಹೊಟ್ಟೆಯಡಿ ಕೈ ತೂರಿಸಿ ಉಜ್ಜಿದ. ಕರಿ ಜಿಡ್ಡಿನ ಕೆಳಗೆ ಬೂದು ಬಣ್ಣ ಕಂಡಿತು. ಮತ್ತೆ ಎಂಜಲು ಹಚ್ಚಿ ಉಜ್ಜಿದ. ಬೂದುಬಣ್ಣದ ಕೆಳಗಿಂದ ಇಟ್ಟಿಗೆಗೆಂಪು ಇಣುಕಿತು.

"ಕೆಂಪಿದೆ ಕಣ್ರೋ ಒಳಗೆ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಬೆರಳು ನಂದು, ಬಾಯಿ ಮಾತ್ರ ನಿಂದಾ?" ಎಂದ ವೆಂಡೆಲ್, ತಲೆಯೆತ್ತದೆ. ಸುತ್ತ ನಿಂತವರು ನಕ್ಕರು.

ಡೋರೀನ್ ನಗಲಿಲ್ಲ. ಕಾಫಿಯ ಕಾಗದದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಹಳೆಯ ಕೀಸ್ಲರ್ ಜಾಕುಗಳ ಮೂಲ ಬಣ್ಣವಾದ ಆ ಕೆಂಪನ್ನು ಫೆಬ್ರುವರಿಯಲ್ಲಿ ಅವಳೇ ಬಳಿದಿದ್ದಳು. ಅದರ ಮೇಲೆ ಬೂದು. ಅದರ ಮೇಲೆ, ಬ್ರೇಕಿನ ಧೂಳು ಕಲಸಿದ ಹಳೆಯ ಗ್ರೀಸು. ಎರಡು ವಾರ ಹೀಟರಿನ ಮುಂದೆ ಒಣಗಲು ಬಿಟ್ಟಿದ್ದಳು. ಎಲ್ಲಿ ಉಜ್ಜುತ್ತಾನೆಂದು ಗೊತ್ತಿದ್ದುದರಿಂದ ಅಷ್ಟಗಲಕ್ಕೆ ಮಾತ್ರ ಕೆಂಪು ಬಳಿದಿದ್ದಳು. ಉಳಿದೆಡೆ ಬಳಿಯುವ ತೊಂದರೆಯನ್ನೇ ತೆಗೆದುಕೊಂಡಿರಲಿಲ್ಲ.

ಮೇ ತಿಂಗಳ ಮೊದಲ ಶನಿವಾರ ಇಂಡಿಯಾನಾ ರಾಜ್ಯದ ಈ ಜಾತ್ರೆ ಮೈದಾನಕ್ಕೆ ಮೂರು ರಾಜ್ಯಗಳಿಂದ ಹಳೆಯ ಜಾಕುಗಳು ಬರುತ್ತವೆ. ಮುಚ್ಚಿಹೋದ ಗ್ಯಾರೇಜುಗಳ ಮೂಲೆಯಿಂದ, ಸತ್ತವರ ಶೆಡ್ಡುಗಳಿಂದ, ಕೋಳಿಗೂಡಿನ ಕೆಳಗಿಂದಲೂ ಎಳೆದು ತಂದಂಥವು. ಒಂದೊಂದೂ ಆಳುತೂಕದ ಕಬ್ಬಿಣ. ಹೆಸರಿನ ಫಲಕ ಉದುರಿ, ಮೂರು ಸಲ ಬಣ್ಣ ಬಳಿಸಿಕೊಂಡು, ಯಾವ ಕಾರ್ಖಾನೆಯದು, ಯಾವ ವರ್ಷದ್ದು ಎಂದು ತಿಳಿಯದಂತಾದವು. ಮಾರುವ ಮೊದಲು ಅವನ್ನು ದನದ ಕೊಟ್ಟಿಗೆಯ ಪಕ್ಕ ಕೂತ ವೆಂಡೆಲ್ ಎದುರಿಗೆ ಉರುಳಿಸಿಕೊಂಡು ಬರಬೇಕು. ಅವನು ಮುಟ್ಟಿ ನೋಡಿ, ಹಳದಿ ಸೀಮೆಸುಣ್ಣದಿಂದ ಜಾಕಿನ ಪಕ್ಕೆಯ ಮೇಲೆ ಹೆಸರು, ಇಸವಿ ಬರೆಯುತ್ತಾನೆ. ಎರಡು ಜಾಕುಗಳ ಭಾಗ ಕೂಡಿಸಿ ಕಟ್ಟಿದ್ದಾದರೆ ಅದಕ್ಕೆ 'ಕಸಿ' ಎನ್ನುತ್ತಾರೆ. ಕಸಿಗೆ ಅವನು ಅಡ್ಡಗೀಟು ಎಳೆಯುತ್ತಾನೆ. ಗೀಟು ಬಿದ್ದದ್ದನ್ನು ಯಾರೂ ಕೊಳ್ಳುವುದಿಲ್ಲ. ತಂದವನನ್ನು ಮುಂದಿನ ವರ್ಷ ಯಾರೂ ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳುವುದೂ ಇಲ್ಲ.

ಒಂಬತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ಡೋರೀನಳ ಗಂಡ ಆರ್ಲೋ ತಂದ ಕೀಸ್ಲರ್ ಜಾಕಿಗೆ ಗೀಟು ಬಿದ್ದಿತ್ತು. ಕೀಸ್ಲರ್‌ನವರು ಮೂವತ್ತೆಂಟರಲ್ಲಿ ಮಾಡಿದ ಮೊದಲ ಕಂತಿನದು ಎಂದಿದ್ದ ಆರ್ಲೋ. "ಹಿಂದಿನ ಗಾಲಿಗೆ ನಾಲ್ಕು ತೂತಿರಬೇಕು, ಇದರಲ್ಲಿ ಐದಿದೆ. ಗಾಲಿ ಬೇರೆಯದು. ಯಾರಿಗೆ ಟೋಪಿ ಹಾಕೋಕೆ ಬಂದೆ ಆರ್ಲೋ?" ಎಂದಿದ್ದ ವೆಂಡೆಲ್. ಎಲ್ಲರೂ ನಕ್ಕಿದ್ದರು, ಇವತ್ತಿನ ಹಾಗೆಯೇ. ಹಳೆಯ ಜಾಕುಗಳ ಬಗ್ಗೆ ವೆಂಡೆಲ್ ಬರೆದ ಪುಸ್ತಕದಲ್ಲಿ ನಾಲ್ಕೆಂದೇ ಇತ್ತು. ಮುಖಪುಟದಲ್ಲಿದ್ದ ಅವನ ಸ್ವಂತ ಕೀಸ್ಲರ್‌ಗೆ ಇದ್ದದ್ದೂ ನಾಲ್ಕೇ. ಆರ್ಲೋ ಆಮೇಲೆ ಮೈದಾನಕ್ಕೆ ಬರಲಿಲ್ಲ. ಆ ಜಾಕನ್ನು ತಾನೇ ಟ್ರಕ್ಕಿಗೆ ಹೇರಿ ಗುಜರಿಗೆ ಹಾಕಿ ಬಂದ. ಅಲ್ಲಿಂದ ಕುಲುಮೆಗೆ ಹೋಯಿತು. ಎರಡು ಚಳಿಗಾಲ ಕಳೆದು ಅವನೂ ಹೋದ.

"ನಿಂತಿದ್ದೀಯಲ್ಲ, ಕೂತ್ಕೋ ಡೋರೀನ್," ಎಂದ ವೆಂಡೆಲ್. ಎಪ್ಪತ್ತನಾಲ್ಕರ ಮಂಡಿ ಕಟಕಟ ಎಂದಿತು. "ಎಲ್ಲಿ ಸಿಕ್ತು ಇದು?"

"ಆರ್ಲೋ ಶೆಡ್ಡಲ್ಲಿ." ಅದು ಸುಳ್ಳಲ್ಲ.

"ಪಾಪ, ಮನುಷ್ಯ ಒಳ್ಳೆಯವನೇ. ಕಣ್ಣು ಮಾತ್ರ ಸಾಲ್ತಿರ್ಲಿಲ್ಲ." ವೆಂಡೆಲ್ ಹಿಂದಿನ ಗಾಲಿಯನ್ನು ಕೈಯಲ್ಲಿ ತಿರುಗಿಸಿ, ತೂತಿಗೆ ಬೆರಳು ತೂರಿಸಿ ಎಣಿಸಿದ. "ಒಂದು, ಎರಡು, ಮೂರು... ನಾಲ್ಕು." ಅವನ ಮುಖ ಮಗುವಿನದಾಯಿತು. "ಟ್ಯಾಗರ್ಟ್! ಮೈಕು ತಗೊಂಡ್ ಬಾರೋ!"

ಮೈದಾನದ ಉಸ್ತುವಾರಿ ಟ್ಯಾಗರ್ಟ್ ಹಾಟ್‌ಡಾಗ್ ಜಗಿಯುತ್ತಲೇ ಓಡಿಬಂದ. "ಏನ್ ಯಜಮಾನ್ರೇ, ಚಿನ್ನ ಸಿಕ್ತಾ?"

"ಚಿನ್ನ ದಿನಾ ಸಿಗುತ್ತೆ ಕಣೋ." ವೆಂಡೆಲ್ ಪಕ್ಕೆಯ ಮೇಲೆ ದೊಡ್ಡದಾಗಿ ಬರೆದ: ಕೀಸ್ಲರ್, ೧೯೩೮, ಮೊದಲ ಕಂತು. ಕೆಳಗೆ ತನ್ನ ಸಹಿಯನ್ನೂ ಹಾಕಿದ. ಸಾಮಾನ್ಯವಾಗಿ ಸಹಿ ಹಾಕುತ್ತಿರಲಿಲ್ಲ. ಮೈಕಿನಲ್ಲಿ ಹೇಳಿದ: "ಮೂವತ್ತು ವರ್ಷದಲ್ಲಿ ನಾನು ನೋಡಿದ ಎರಡನೇ ಅಸಲಿ ಕೀಸ್ಲರ್. ಮೊದಲನೇದು ನಮ್ಮನೇಲಿದೆ." ಸಾಲು ಸಾಲು ಮೇಜುಗಳ ಹಿಂದಿನಿಂದ ಜನ ಎದ್ದು ಬರತೊಡಗಿದರು.

ಅವರೆಲ್ಲ ಬಂದು ಸೇರುವವರೆಗೆ ಡೋರೀನ್ ಕಾದಳು. ಲೋಟವನ್ನು ಮೇಜಿನ ಮೇಲಿಟ್ಟಳು.

"ಬಟ್ಟಲು ಎತ್ತಿ ನೋಡಿ," ಎಂದಳು.

ಕಾರಿನ ಅಡಿಗೆ ಆತುಕೊಳ್ಳುವ ಎರಕದ ಬಟ್ಟಲು ಅದು. ಜಾಕಿನ ತೋಳಿನ ತುದಿಯ ಕುಳಿಯಲ್ಲಿ ಸುಮ್ಮನೆ ಕೂತಿರುತ್ತದೆ, ಎತ್ತಿದರೆ ಬರುತ್ತದೆ. ವೆಂಡೆಲ್ ಎತ್ತಿದ. ಬುಡದಲ್ಲಿ ಉಳಿಯಿಂದ ಹೊಡೆದ ಅಕ್ಷರಗಳು ಇನ್ನೂ ಹೊಳೆಯುತ್ತಿದ್ದವು. ಅವನು ಬಟ್ಟಲನ್ನು ಬೆಳಕಿಗೆ ತಿರುಗಿಸಿ ಹಿಡಿದ. ಟ್ಯಾಗರ್ಟ್ ಬಗ್ಗಿ ತಾನೇ ಓದಿದ: "ಡೋರೀನ್ ಹ್ಯಾಗರ್ಟಿ ಮಾಡಿದ್ದು. ಮಾರ್ಚ್ ಹದಿನಾಲ್ಕು... ಈ ವರ್ಷದ್ದೇ." ಮೈಕು ಅವನ ಕೈಯಲ್ಲೇ ಇತ್ತು. ಮಾತು ಮೈದಾನದ ನಾಲ್ಕೂ ಮೂಲೆಗೆ ಹೋಯಿತು.

"ಪಂಪು ಐವತ್ತೊಂದರದು," ಎಂದಳು ಡೋರೀನ್. "ಮೈಕಟ್ಟು ಯಾರದೋ ನಂಗೂ ಗೊತ್ತಿಲ್ಲ. ಗಾಲಿಯ ತೂತು ನಾನೇ ಕೊರೆದಿದ್ದು, ಆರ್ಲೋ ಡ್ರಿಲ್ಲಲ್ಲಿ. ನಾಲ್ಕು. ನಿಮ್ಮ ಪುಸ್ತಕ ಪಕ್ಕದಲ್ಲೇ ತೆರೆದಿಟ್ಕೊಂಡಿದ್ದೆ."

ಆಮೇಲೆ ಚೀಲದಿಂದ ಪ್ಲಾಸ್ಟಿಕ್ ಹಾಳೆಯೊಳಗಿನ ಹಳದಿಗಟ್ಟಿದ ಕಾಗದ ತೆಗೆದಳು. ಕೀಸ್ಲರ್ ಕಾರ್ಖಾನೆ ಮೂವತ್ತೆಂಟರಲ್ಲಿ ತಾನೇ ಅಚ್ಚು ಹಾಕಿಸಿದ ಬಿಡಿಭಾಗಗಳ ಪಟ್ಟಿ. ಅಲ್ಲಿ ದುಡಿದವನೊಬ್ಬನ ಮಗಳ ಮನೆಯ ಅಟ್ಟದಲ್ಲಿ ಮೂರು ವರ್ಷದ ಹಿಂದೆ ಸಿಕ್ಕಿತ್ತು. ಹಿಂದಿನ ಗಾಲಿಯ ಚಿತ್ರದಲ್ಲಿ ಐದು ತೂತು. ಮೂರು ವರ್ಷದ ಹಿಂದೆಯೇ ಅದನ್ನು ತಂದು ತೋರಿಸಿದ್ದರೆ ಸಾಕಿತ್ತು. ಅವಳಿಗೆ ಅಷ್ಟು ಸಾಕಾಗಿರಲಿಲ್ಲ.

"ಕೀಸ್ಲರ್ ಯಾವತ್ತೂ ನಾಲ್ಕು ತೂತು ಕೊರೆದೇ ಇಲ್ಲ," ಎಂದಳು. "ಆರ್ಲೋದು ಅಸಲಿ. ಕಸಿ ಇರೋದು ನಿಮ್ಮ ಮನೇಲಿ, ನಿಮ್ಮ ಪುಸ್ತಕದ ಮೇಲೆ."

ಯಾರೂ ನಗಲಿಲ್ಲ. ಓಹಾಯೋದಿಂದ ಬಂದಿದ್ದ ದಪ್ಪಗಿನವನೊಬ್ಬ ಬೆಳಗ್ಗೆ ಗೀಟು ಬಿದ್ದಿದ್ದ ತನ್ನ ಜಾಕಿನ ಬಳಿ ಹೋಗಿ ಆ ಗೀಟನ್ನು ಕರವಸ್ತ್ರದಿಂದ ಒರೆಸತೊಡಗಿದ. ಅವನನ್ನು ನೋಡಿ ಇನ್ನೊಬ್ಬ, ಹೆಸರು ಇಸವಿ ಬರೆಸಿಕೊಂಡಿದ್ದವನು, ಹೆಂಡತಿಯ ಮುಖ ನೋಡಿದ. "ನಮ್ದೂ ಡೌಟೇನಾ ಹಂಗಾದ್ರೆ?" ಎಂದಳು ಅವಳು. ಸರದಿಯಲ್ಲಿದ್ದವರು ಜಾಕಿನ ಹಿಡಿಗಳನ್ನು ತಿರುಗಿಸಿಕೊಂಡು ಹೊರಟರು. ಜಲ್ಲಿಕಲ್ಲಿನ ಮೇಲೆ ಕಬ್ಬಿಣದ ಗಾಲಿಗಳು ಬಹಳ ಹೊತ್ತು ಕರಕರ ಎನ್ನುತ್ತಿದ್ದವು. ಡೋರೀನ್ ನಿಂತು ಅದನ್ನು ಕೇಳಿದಳು. ಹಸಿದವಳಿಗೆ ಅನ್ನ ಬೇಯುವ ಸದ್ದು ಕೇಳಿದ ಹಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಅವಳು ಹಲಗೆ ಇಳಿಸಿ, ಜಾಕನ್ನು ಟ್ರಕ್ಕಿಗೆ ಹತ್ತಿಸುತ್ತಿದ್ದಳು. ಹಿಂದಿನಿಂದ ಯಾರೋ ಕೈ ಕೊಟ್ಟರು. ಭಾರ ತಟ್ಟನೆ ಹಗುರವಾಯಿತು. ತಿರುಗಿದಳು. ವೆಂಡೆಲ್. ಏದುಸಿರು ಬಿಡುತ್ತಿದ್ದ. ಅಂಗಿಯ ತೋಳಿನ ತುಂಬ ಹಳದಿ ಪುಡಿ.

"ಅವನ ಜಾಕು ಎಲ್ಲಿದೆ ಈಗ?" ಎಂದ.

"ಕರಗಿಸಿದ್ರು. ನಿನ್ನ ಗೀಟು ಬಿದ್ದ ಮೇಲೆ ಗುಜರಿಗೆ ಹಾಕ್ದ. ತೂಕದ ಲೆಕ್ಕಕ್ಕೆ."

ಅವಳು 'ನೀವು' ಬಿಟ್ಟದ್ದನ್ನು ಅವನು ಗಮನಿಸಿದ. ಟ್ರಕ್ಕಿನ ಅಂಚಿಗೆ ಒರಗಿದ. ಮೈದಾನದ ಕಡೆ ನೋಡಿದ. ಅವನ ಮೇಜಿನ ಮುಂದೆ ಯಾರೂ ಇರಲಿಲ್ಲ.

"ಗೊತ್ತಿರ್ಲಿಲ್ಲ ನಂಗೆ. ದೇವ್ರಾಣೆ."

"ಕೇಳಿರ್ಲಿಲ್ಲ ನೀನು."

"ಸರಿ, ಕೇಳ್ಲಿಲ್ಲ." ಜೇಬಿಗೆ ಕೈ ಹಾಕಿ ಏನೂ ತೆಗೆಯದೆ ಹೊರಗೆಳೆದ. "ನೋಡು ಡೋರೀನ್. ಎಲ್ರೂ ಇನ್ನೂ ಇಲ್ಲೇ ಇದ್ದಾರೆ. ಮೈಕಲ್ಲಿ ನಾನೇ ಹೇಳ್ತೀನಿ. ಅವತ್ತು ಆರ್ಲೋಗೆ ಆಡಬಾರದ್ದು ಆಡ್ದೆ, ತಪ್ಪು ನಂದು, ಅವನ ಕಣ್ಣು ನನ್ನ ಕಣ್ಣಿಗಿಂತ ಚುರುಕಿತ್ತು ಅಂತ. ಅವನ ಹೆಸರು ಹೇಳಿ, ತಲೆ ಮೇಲಿನ ಟೋಪಿ ತೆಗೆದು ಹೇಳ್ತೀನಿ. ಪುಸ್ತಕದಲ್ಲೂ ಬರೀತೀನಿ. ಬಾ, ನೀನೂ ಪಕ್ಕದಲ್ಲಿ ನಿಂತ್ಕೋ."

ಒಂಬತ್ತು ವರ್ಷ ಅವಳು ಪಾತ್ರೆ ತೊಳೆಯುವಾಗ, ಡ್ರಿಲ್ ಹಿಡಿದಾಗ ಮನಸ್ಸಿನಲ್ಲೇ ಕೇಳಿಸಿಕೊಂಡದ್ದು ಇದೇ ಮಾತುಗಳನ್ನು, ಹೆಚ್ಚುಕಡಿಮೆ ಇದೇ ದನಿಯಲ್ಲಿ. ಎಲ್ಲಿ ನಿಲ್ಲಬೇಕು, ಯಾವ ಅಂಗಿ ತೊಡಬೇಕು ಎಂಬುದನ್ನೂ ಯೋಚಿಸಿದ್ದಳು. ಇವತ್ತು ಅದನ್ನೇ ತೊಟ್ಟಿದ್ದಳು. ವೆಂಡೆಲ್‌ನ ಮುಖ ನೋಡಿದಳು. ಹೇಳಿ ಮುಗಿಸಿ ಹಗುರಾಗಲು ಅದು ಆಗಲೇ ಸಿದ್ಧವಾಗುತ್ತಿತ್ತು.

"ಬಾ," ಎಂದ ಅವನು, ಟೋಪಿಯನ್ನು ಕೈಗೆ ತೆಗೆದುಕೊಂಡು.

"ಬೇಡ," ಎಂದಳು ಡೋರೀನ್.