ಹಣಮವ್ವ ಕಂಬಳಿ ಹಾಸಿದ ಸಂಜೆ

ಮೇಲವಂಕಿಯಲ್ಲಿ ಮೂವತ್ತು ದಾಟಿದ ಗಂಡುಮಗ ಲಗ್ನವಿಲ್ಲದೆ ಉಳಿದರೆ ಅವನಿಗೆ ನಿದ್ದೆ ಬರುತ್ತದೋ ಇಲ್ಲವೋ, ಊರಿಗಂತೂ ಬರುವುದಿಲ್ಲ. ಹಣಮವ್ವ ಜೋಳ ಹೊತ್ತು ಗಿರಣಿಗೆ ಹೋದರೆ ಅಲ್ಲಿ ಕೇಳಿದರು. ಹೆಂಗಸರ ಸಂಘದ ಸಭೆಗೆ ಹೋದರೆ ಅಲ್ಲೂ ಕೇಳಿದರು.

"ಸಿದ್ರಾಯಂದು ಯಾವಾಗ್ರಿ ಅಕ್ಕಾರ? ಅಕ್ಕಿಕಾಳ ಹಾಕಾಕ ನಮ್ಮನ್ನ ಕರೀತೀರೋ ಇಲ್ಲೋ?"

"ಕನ್ಯಾ ನೋಡಾಕತ್ತೇವ್ರಿ" ಎಂದು ಹೇಳಿ ಹಣಮವ್ವ ತಪ್ಪಿಸಿಕೊಳ್ಳುತ್ತಿದ್ದಳು.

ಕನ್ಯೆಯನ್ನು ಯಾರೂ ನೋಡುತ್ತಿರಲಿಲ್ಲ. ಮೂರು ವರ್ಷದ ಹಿಂದೆಯೇ ಸಿದ್ರಾಯ ತಾಯಿಯ ಎದುರು ಕುಳಿತು ಬಿಚ್ಚಿ ಹೇಳಿದ್ದ. "ಅವ್ವಾ, ನನಗ ಹೆಣ್ಣಮಕ್ಕಳ ಮ್ಯಾಲ ಮನಸ್ಸ ಬರಂಗಿಲ್ಲ. ಗಂಡಸರ ಮ್ಯಾಲ ಬರತೈತಿ. ತಿಳುವಳಿಕಿ ಬಂದಾಗಿಂದ ಹಿಂಗ. ಸುಳ್ಳ ಹೇಳಿ ಒಂದ ಹುಡುಗಿ ಬಾಳೇವು ಹಾಳ ಮಾಡಂಗಿಲ್ಲ."

ಹಣಮವ್ವ ಏನು ಮಾಡಿದಳು? ಅರ್ಧ ಊರು ಮಾಡುವುದನ್ನೇ ಮಾಡಿದಳು. ಮಗನಿಗೆ ತಾಯಿತ ಕಟ್ಟಿಸಿದಳು. ಗಾಳಿ ಬಿಡಿಸುವವನೊಬ್ಬನ ಹತ್ತಿರ ಕರೆದೊಯ್ದು ಮೆಣಸಿನಕಾಯಿ ಹೊಗೆ ಹಾಕಿಸಿದಳು. ಮಗ ಕೆಮ್ಮಿದ, ಕಣ್ಣು ಕೆಂಪಗಾದವು, ಮನಸ್ಸು ಇದ್ದ ಹಾಗೆಯೇ ಇತ್ತು. ಹೊಗೆಗೆ ಎದ್ದು ಹೋಗಲು ಅದೇನು ಜೇನುಹುಳವೇ? ಕಡೆಗೆ "ಈ ಮಾತ ನಮ್ಮ ಹೊಸ್ತಲಾ ದಾಟಬಾರ್ದ" ಎಂದು ಆಣೆ ಮಾಡಿಸಿಕೊಂಡು ಸುಮ್ಮನಾದಳು.

ಸಿದ್ರಾಯ ಹುಕ್ಕೇರಿಯ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಾನೆ. ಒಂದು ರವಿವಾರ ಅವನು ಅಚ್ಚಾದ ಕರೆಪತ್ರ ಹಿಡಿದುಕೊಂಡು ಊರಿಗೆ ಬಂದ. ಅವನೊಂದಿಗೆ ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲಿ ಅವನಂಥವರು ಇನ್ನೂ ಇದ್ದರು. ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳಿದ್ದರು, ಗಂಡೆಂದು ಬೆಳೆಸಿದರೂ ತಾವು ಹೆಣ್ಣೆಂದು ಬಲ್ಲವರಿದ್ದರು. ಎಲ್ಲರೂ ಸೇರಿ ಬಳಗ ಕಟ್ಟಿಕೊಂಡಿದ್ದರು. ಬರುವ ಶನಿವಾರ ಗೋಕಾಕದ ಸಭಾಭವನದಲ್ಲಿ ಅವರ ಓದಿನ ಸಂಜೆ. ಬರೆದವರೇ ನಿಂತು ತಮ್ಮ ಬರಹ ಓದುತ್ತಾರೆ. ಕರೆಪತ್ರದಲ್ಲಿ ಸಿದ್ರಾಯನ ಹೆಸರೂ ಇತ್ತು, ಊರಿನ ಹೆಸರೂ ಇತ್ತು.

"ನೀ ಬರಬೇಕವ್ವಾ" ಎಂದ.

"ನಾನೂ ಬರಂಗಿಲ್ಲ, ನೀನೂ ಹೋಗಬ್ಯಾಡ. ಮಂದಿ ಮಾರಿಗೆ ಉಗುಳ್ತಾರ."

"ಮೂರ ವರ್ಷ ಬಾಯಿ ಹೊಲಕೊಂಡ ಈ ಮನ್ಯಾಗ ಉಂಡೇನಿ. ಇನ್ನ ನನ್ನ ಕಡಿಂದ ಆಗಂಗಿಲ್ಲ. ನನ್ನ ಖರೇ ಮಾತಿಗೆ ಜಾಗಾ ಇಲ್ಲಂದ್ರ ಈ ಮನಿಗೆ ನಾ ಮತ್ತ ಬರಂಗಿಲ್ಲ." ಇಷ್ಟು ಹೇಳಿ ಬಸ್ಸು ಹಿಡಿಯಲು ಹೊರಟುಬಿಟ್ಟ. ಇದ್ದೊಬ್ಬ ಮಗ. ಹಣಮವ್ವನ ಜೀವ ಬಾಯಿಗೆ ಬಂತು.

ಮರುದಿನ ಆಶಾ ಕಾರ್ಯಕರ್ತೆ ಮದಿನಾಬಿ ಓಣಿಗೆ ಬಂದಳು. ಇಬ್ಬರೂ ಇಪ್ಪತ್ತು ವರ್ಷದ ಗೆಳತಿಯರು. ಹಣಮವ್ವ ಅವಳನ್ನು ಒಳಗೆ ಕೂರಿಸಿ, ಚಹಾ ಕೊಟ್ಟು, ಮೊದಲ ಸಲ ಎಲ್ಲವನ್ನೂ ಹೇಳಿಕೊಂಡಳು.

"ಮದಿನಾ, ಸರಕಾರ ಎಲ್ಲಾದಕ್ಕೂ ಸೂಜಿ ಕೊಡತೈತಿ. ಇದಕ್ಕೊಂದ ಇಲ್ಲೇನ?"

"ಸೂಜಿ ನಿನ್ನ ಕುರಿಗೆ ಹಾಕ್ಸ ಅಕ್ಕಾ, ಅವಕ್ಕ ರೋಗ ಬರತೈತಿ. ಇದು ರೋಗ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯವ್ರು 1990ರಾಗ ಇದನ್ನ ರೋಗದ ಪಟ್ಟಿಯಿಂದ ತಗದ ಒಗದಾರ."

"ದೊಡ್ಡ ಸಾಲಿ ಕಲ್ತ ಹಿಂಗಾತೇನೋ?"

"ಸಾಲಿ ಮೆಟ್ಟಲಾ ಹತ್ತಲಾರದಾವ್ರಾಗೂ ಇಂಥಾವ್ರ ಅದಾರ. ಕಲ್ತಾವ್ರು ಬಾಯಿಬಿಟ್ಟ ಹೇಳತಾರ, ಅಷ್ಟ ಫರಕ."

"ಪೊಲೀಸರು ಹಿಡಕೊಂಡ ಹೋದ್ರ?"

"ಯಾಕ ಹಿಡೀತಾರ? ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಕೂಡಿದ್ರ ಅದು ಗುನ್ನೆ ಅಲ್ಲಂತ ಸುಪ್ರೀಂ ಕೋರ್ಟ್ 2018ರಾಗ ಹೇಳೈತಿ."

"ಲಗ್ನಾ ಮಾಡಿದ್ರ ಎಲ್ಲಾ ಸರಿ ಹೋಗತೈತಿ ಅಂತಾರಲ್ಲ?"

"ಏನೂ ಸರಿ ಹೋಗಂಗಿಲ್ಲ. ಎರಡ ಜೀವ ಕೆಡತಾವ. ಇಂಥಾವ್ರನ್ನ ಬದಲ ಮಾಡತೇನಂತ ಯಾವ ಡಾಕ್ಟರ ಔಷಧ ಕೊಟ್ಟರೂ ಅದು ತಪ್ಪಂತ ಡಾಕ್ಟರ ಆಯೋಗನ ಹೇಳೈತಿ. ಇನ್ನ ಹೊಗಿ ಹಾಕೋ ಮಂದಿ ಮಾತ ಬಿಡು."

ಹಣಮವ್ವ ತಲೆ ತಗ್ಗಿಸಿದಳು. "ನೀ ಹೇಳೂದೆಲ್ಲಾ ಖರೆ ಇರಬೇಕು. ಆದ್ರ ಮಂದಿ ಬಾಯಿ?"

"ಅವರ ಎಲ್ಯಾಗ ಕತ್ತಿ ಸತ್ತ ಬಿದ್ದಿರತೈತಿ, ನಿನ್ನ ಎಲ್ಯಾಗಿನ ನೊಣ ಹುಡುಕ್ತಾರ. ಹುಡುಕಲಿ ಬಿಡು. ನಿನಗ ಮಂದಿ ಬೇಕೋ, ಮಗ ಬೇಕೋ?"

ಹಣಮವ್ವ ಚಹಾದ ಕಪ್ಪು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಗುರುವಾರ ಸಿದ್ರಾಯನ ಫೋನು ಬಂದಿತೆಂದು ಮದಿನಾಬಿಯೇ ಮತ್ತೆ ಓಡಿಬಂದಳು. ಸಭಾಭವನದವನು ಮಾತು ತಪ್ಪಿದ್ದ. 'ಅಂಥಾ ಮಂದಿಗೆ ಕೊಡಂಗಿಲ್ಲ' ಎಂದು ಸಿದ್ರಾಯನ ಮುಖದ ಮೇಲೆಯೇ ಹೇಳಿ ಕಳಿಸಿದ್ದ.

ಹಣಮವ್ವನಿಗೆ ಅಡಿಯಿಂದ ಮುಡಿಯವರೆಗೆ ಸಿಟ್ಟು ಏರಿತು. "ಅಂಥಾ ಮಂದಿ ಅಂದ್ರ ಎಂಥಾ ಮಂದಿ? ನನ್ನ ಮಗಗ ನಾ ಬೈತೇನಿ, ಬೇಕಾದ್ರ ಹೊಡೀತೇನಿ. ಅವಗ ಬಾಗಲಾ ಹಾಕಾಕ ಇವ ಯಾವನ? ಹಚ್ಚ ಫೋನ! ನನ್ನ ಅಂಗಳ ಇಲ್ಲೇನ? ಎಷ್ಟ ಮಂದಿ ಬರತಾರ ಕೇಳು, ರೊಟ್ಟಿ ಬಡೀಬೇಕು."

ಮಗನ ವಿಷಯ ಅವಳಿಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಆ ಸಭಾಭವನದವನ ವಿಷಯದಲ್ಲಿ ಮಾತ್ರ ಎಳ್ಳಷ್ಟೂ ಅನುಮಾನವಿರಲಿಲ್ಲ.

ಶನಿವಾರ ನಾಲ್ಕಕ್ಕೆ ಇಪ್ಪತ್ತೈದು ಜನ ಬಂದಿಳಿದರು. ಹಣಮವ್ವ ಅಂಗಳ ಗುಡಿಸಿ, ನಡುವೆ ಮನೆಯ ಕರಿ ಕಂಬಳಿ ಹಾಸಿದಳು. ಕುರಿ ಕಾಯುವ ಈ ಮನೆತನಗಳಲ್ಲಿ ಕಂಬಳಿ ಹಾಸಿದರೆ ಅದು ನ್ಯಾಯದ ಜಾಗ. ಅದರ ಮೇಲೆ ಕುಳಿತವರು ಸುಳ್ಳು ಹೇಳಬಾರದು. ಕುಳಿತವರ ಮಾತು ಮುಗಿಯುವ ತನಕ ಅವರನ್ನು ಯಾರೂ ಎಬ್ಬಿಸಬಾರದು.

ಮೊದಲು ಮೂಡಲಗಿಯ ಶೈಲಾ ಓದಿದಳು. ಅವಳನ್ನು ಮನೆಯವರು ಗಂಡೆಂದು ಬೆಳೆಸಿದ್ದರು. ಪದವಿ ಪತ್ರದಲ್ಲಿ ತನ್ನ ಹೆಸರು ಸರಿಪಡಿಸಲು ಹನ್ನೊಂದು ಸಲ ಅಲೆದದ್ದನ್ನು, ಪ್ರತಿ ಸಲವೂ ಗುಮಾಸ್ತ ಪತ್ರದ ಗಂಡು ಹೆಸರು ನೋಡಿ 'ಅವನನ್ನ ಕರಕೊಂಡ ಬಾ ತಂಗಿ' ಎಂದದ್ದನ್ನು ಅವಳು ಓದಿದಾಗ ಅಂಗಳವೆಲ್ಲ ನಕ್ಕಿತು. ಗೋಡೆಯಾಚೆ ಇಣುಕುತ್ತಿದ್ದ ಓಣಿಯ ಹೆಂಗಸರೂ ನಕ್ಕು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಿದ್ರಾಯ ಕಂಬಳಿಯ ಮೇಲೆ ಕುಳಿತು ಹಾಳೆ ಬಿಡಿಸಿದ್ದಷ್ಟೇ, ಅವನ ಸೋದರಮಾವ ಕರೆಪ್ಪ ಸುದ್ದಿ ಕೇಳಿ ನಾಲ್ಕು ಹಿರಿಯರನ್ನು ಕಟ್ಟಿಕೊಂಡು ಮಮದಾಪುರದಿಂದ ಬಂದು ನುಗ್ಗಿದ.

"ಏಳೋ ಸಿದ್ರಾಯಾ! ಮನೆತನದ ಮಾನಾ ಬೀದಿಗೆ ತಂದಿ. ಏಳ ಮದಲ!"

ಹಣಮವ್ವ ಎದ್ದು ಇಬ್ಬರ ನಡುವೆ ನಿಂತಳು.

"ಅಣ್ಣಾ, ಕಣ್ಣ ತೆರದ ನೋಡು. ಅವ ಯಾತರ ಮ್ಯಾಲ ಕುಂತಾನ?"

ಕರೆಪ್ಪ ನೋಡಿದ. ಕರಿ ಕಂಬಳಿ ಕಂಡು ಒಂದು ಹೆಜ್ಜೆ ಹಿಂದೆ ಸರಿದ.

"ಮೂವತ್ತ ವರ್ಷ ನೀ ನ್ಯಾಯಾ ಮಾಡೀದಿ. ಕುರಿ ಕದ್ದಾವ ಕುಂತಾಗೂ ಮಾತ ಮುಗಿಸಾಕ ಬಿಟ್ಟೀದಿ. ನನ್ನ ಮಗ ಕುರಿಗಳ್ಳನಕಿಂತ ಕಡಿಮಿ ಆದನೇನ?"

"ಹೆತ್ತಾವರಿಗೆ ಹೆಗ್ಗಣ ಮುದ್ದಂತ" ಎಂದು ಕರೆಪ್ಪ ಗೊಣಗಿದ.

"ಹೆಗ್ಗಣ ಅನ್ನು, ಏನರೆ ಅನ್ನು. ಮಾತ ಮುಗಿಯೂ ತನಕ ಅವನ್ನ ಮುಟ್ಟಬ್ಯಾಡ. ಮುಟ್ಟಿದ್ರ ಕಂಬಳಿ ರೀತಿ ಕರೆಪ್ಪನ ಮುರದ ಅಂತ ಅಂಕಲಗಿ ತನಕ ಹೇಳಿಕೋತ ಹೋಗತೇನಿ."

ಹೇಳಿದರೆ ಮಾಡುವವಳೇ ಅವಳು. ಕರೆಪ್ಪನಿಗೆ ಅದು ಗೊತ್ತಿತ್ತು. ಕೈ ಕಟ್ಟಿಕೊಂಡು ಪಕ್ಕಕ್ಕೆ ನಿಂತ.

ಸಿದ್ರಾಯ ಓದಿದ. "ಹೊಗೆಯಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ. ಹೊರಗೆ ಅವ್ವ ಅಳುವುದು ಮಾತ್ರ ಕೇಳುತ್ತಿತ್ತು. ಅವಳ ಅಳು ನಿಲ್ಲಲಿ ಎಂದು, ನಾನು ಸರಿಹೋದೆ, ಬಾಗಿಲು ತೆಗೆಯಿರಿ ಎಂದು ಕೂಗಿದೆ. ಆ ರಾತ್ರಿ ಅವ್ವ ನನಗೆ ಹೋಳಿಗೆ ಮಾಡಿದಳು. ನುಂಗಲು ಆಗಲಿಲ್ಲ. ಆದರೂ ಮೂರು ತಿಂದೆ."

ಆ ಹೋಳಿಗೆ ಹಣಮವ್ವನಿಗೆ ನೆನಪಿತ್ತು. ಮಗ ಗುಣವಾದನೆಂದು ಎಷ್ಟು ಸಂತೋಷದಿಂದ ತಟ್ಟಿದ್ದಳು! ಅವಳು ನೇರ ಹೋಗಿ ಮಗನ ಪಕ್ಕದಲ್ಲಿ ಕಂಬಳಿಯ ಮೇಲೆ ಕುಳಿತಳು.

"ನಂದೂ ಒಂದ ಮಾತ ಐತಿ, ಎಲ್ಲಾರೂ ಕೇಳ್ರಿ. ಹೊಗಿ ಹಾಕ್ಸಿದಾಕಿ ನಾನ. ತಪ್ಪ ನಂದು. ಇವ ಗಂಡಸರ ಮ್ಯಾಲ ಮನಸ್ಸಿಡಾಂವ. ಇವ ನನ್ನ ಮಗ. ಈ ಮನಿ ಇವಂದು, ಇವನ ಗೆಳ್ಯಾರದೂ. ಇದು ಯಾರಿಗೆ ನಡ್ಯಾಂಗಿಲ್ಲೋ ಅವ್ರು ನನ್ನ ಅಂಗಳ ತುಳೀಬ್ಯಾಡ್ರಿ."

ಸಿದ್ರಾಯ ತಾಯಿಯ ಕೈ ಹಿಡಿದುಕೊಂಡು ಮಗುವಿನಂತೆ ಅತ್ತ. ಕರೆಪ್ಪನ ಜೊತೆ ಬಂದವರಲ್ಲಿ ಇಬ್ಬರು ಹೊರಟುಹೋದರು. ಕರೆಪ್ಪ ಹೋಗಲಿಲ್ಲ.

"ಮುಗೀತೇನ?" ಎಂದು ಕೇಳಿದ.

"ಇನ್ನೂ ಇಬ್ಬರು ಓದಾವ್ರ ಅದಾರ ಮಾಮಾ" ಎಂದ ಸಿದ್ರಾಯ.

ಕರೆಪ್ಪ ಚಪ್ಪಲಿ ಕಳಚಿ ಕಟ್ಟೆಯ ಮೇಲೆ ಕುಳಿತ. "ಹಂಗಾರ ಗಟ್ಟಿಯಾಗಿ ಓದ್ರಿ. ನನಗ ಕಿವಿ ಮಂದ."

ಇದನ್ನು ಓದುತ್ತಿರುವ, ಸಂಘದಲ್ಲಿ ಕುಳಿತು ಕೇಳುತ್ತಿರುವ ಅವ್ವಂದಿರೇ, ಅಪ್ಪಂದಿರೇ, ಮಾವಂದಿರೇ, ಇಂಥ ಮಕ್ಕಳು ನಿಮ್ಮ ಓಣಿಯಲ್ಲೂ ಇದ್ದಾರೆ. ನಿಮ್ಮ ಮನೆಯಲ್ಲೇ ಇರಬಹುದು. ಅವರಿಗೆ ತಾಯಿತ ಬೇಡ, ಹೊಗೆ ಬೇಡ, ಬಲವಂತದ ಲಗ್ನವಂತೂ ಬೇಡವೇ ಬೇಡ. ಮನಸ್ಸಿಗೆ ಭಾರವಾದರೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಯಾರಾದರೂ ಹೆದರಿಸಿದರೆ, ಮನೆಯಿಂದ ಹೊರದಬ್ಬಿದರೆ 15100ಕ್ಕೆ ಕರೆ ಮಾಡಿ, ಕಾನೂನಿನ ನೆರವು ಸಿಗುತ್ತದೆ. ನಿಮ್ಮ ಮಗನೋ ಮಗಳೋ ಒಂದು ದಿನ ನಿಮ್ಮೆದುರು ಕುಳಿತು ತನ್ನ ಮಾತು ಶುರುಮಾಡಿದರೆ ಪೂರ್ತಿ ಕೇಳಿ. ನಡುವೆ ಯಾರಾದರೂ ಅವರನ್ನು ಎಬ್ಬಿಸಲು ಬಂದರೆ, ಎದ್ದು ಅಡ್ಡ ನಿಲ್ಲಿ.