ಸಹಿ ಕೇಳದ ಮೆಷಿನ್ನು

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು ನಾನು, ಸಿದ್ದಲಿಂಗಯ್ಯ. ಸಹಿ ಇಲ್ಲದೆ ಒಂದು ರೂಪಾಯಿಯನ್ನೂ ಯಾರ ಕೈಗೂ ಕೊಟ್ಟವನಲ್ಲ. ಫೋನಿನಲ್ಲಿ ದುಡ್ಡು ಕಳಿಸುವ ಆಟವನ್ನೆಲ್ಲ ಹತ್ತಿರ ಸೇರಿಸಲಿಲ್ಲ. ಎಟಿಎಂನಿಂದ ತಿಂಗಳಿಗೊಮ್ಮೆ ನನ್ನ ಪೆನ್ಷನ್ ತೆಗೆಯುತ್ತೇನೆ, ಅದಕ್ಕೂ ನನಗೂ ಅಷ್ಟೇ ಸಂಬಂಧ.

ನನ್ನ ಉಪದೇಶ ಕೇಳಲು ನಮ್ಮ ತ್ಯಾಗರಾಜನಗರದ ಬೀದಿಯಲ್ಲಿ ಸಿಕ್ಕಿದ್ದವನು ಇಸ್ತ್ರಿ ಗಾಡಿಯ ಯಲ್ಲಯ್ಯ ಒಬ್ಬನೇ. ಅವನು ಬಟ್ಟೆ ಉಜ್ಜುತ್ತಿದ್ದರೆ ನಾನು ಪೇಪರ್ ಓದಿ ಹೇಳುತ್ತಿದ್ದೆ. "ಬ್ಯಾಂಕಿಂದ ನಂಬರ್ ಬಂತಾ ಅಂತ ಯಾರಾದ್ರೂ ಫೋನ್ ಮಾಡಿದ್ರೆ ತಕ್ಷಣ ಕಟ್ ಮಾಡು. ದನಿ ಪರಿಚಯದ್ದು ಅಂತ ನಂಬಬೇಡ. ಈಗ ದನೀನೂ ನಕಲು ಮಾಡ್ತಾರೆ." ಅವನು ತಲೆ ಆಡಿಸುತ್ತಿದ್ದ. ಕೇಳಿಸಿಕೊಳ್ಳುತ್ತಿದ್ದಾನೆ ಅಂತ ನನಗೇನೂ ನಂಬಿಕೆ ಇರಲಿಲ್ಲ.

ಹೋದ ಮಂಗಳವಾರ ಬೆಳಿಗ್ಗೆ ಬೇಗೂರಿನ ಆಸ್ಪತ್ರೆಯಿಂದ ಅವನ ಫೋನು. ಮಗಳು ಉಮಾಶ್ರೀಗೆ ಹೆರಿಗೆಯಾಗಿತ್ತು, ರಕ್ತ ನಿಲ್ಲುತ್ತಿರಲಿಲ್ಲ. ಡಾಕ್ಟರು ಬರೆದ ಇಂಜೆಕ್ಷನ್ ಹೊರಗಿನಿಂದ ತರಬೇಕಿತ್ತು, ಆರು ಸಾವಿರ.

"ಮೆಡಿಕಲ್ ಸ್ಟೋರಲ್ಲಿ ನೆಟ್‌ವರ್ಕ್ ಇಲ್ವಂತೆ, ಕ್ಯಾಶೇ ಬೇಕಂತೆ ಸಾರ್. ಪರ್ಸು ಗಾಡೀಲೇ ಬಿಟ್ಟು ಓಡ್ಬಂದಿದೀನಿ. ಕಾರ್ಡೂ ಅದ್ರಲ್ಲೇ ಐತೆ."

ಆಟೋದಲ್ಲಿ ಹೋದರೂ ಬೇಗೂರು ಒಂದು ಗಂಟೆಯ ದಾರಿ. ನನಗೆ ಕೈಕಾಲೇ ಆಡಲಿಲ್ಲ. ನನ್ನ ಹೆಂಡತಿ ಮೀನಾಕ್ಷಮ್ಮ ಫೋನ್ ಕಸಿದುಕೊಂಡಳು.

"ಯಲ್ಲಯ್ಯ, ಅಲ್ಲೇ ನಮ್ ಬ್ಯಾಂಕಿನ ಎಟಿಎಂ ಮುಂದೆ ಹೋಗಿ ನಿಂತ್ಕೊಳಪ್ಪ. ಬ್ಯಾಂಕಿಂದ ನಿನಗೊಂದು ನಂಬರ್ ಬರುತ್ತೆ, ಇನ್ನೊಂದು ಸಾರ್ ಫೋನ್ ಮಾಡಿ ಹೇಳ್ತಾರೆ. ಎರಡೂ ಒತ್ತಿದ್ರೆ ಕಾರ್ಡಿಲ್ದೆ ದುಡ್ಡು ಬರುತ್ತೆ."

"ನಿನಗಿದೆಲ್ಲ ಹೇಗೆ ಗೊತ್ತು?" ಎಂದೆ.

"ಎರಡು ವರ್ಷದಿಂದ ನಮ್ ತಂಗಿಗೆ ಹೀಗೇ ಕಳಿಸ್ತಿದೀನಿ. ಕೋಪ ಆಮೇಲೆ ಮಾಡ್ಕೊಳ್ಳಿ, ಈಗ ಚಪ್ಪಲಿ ಹಾಕ್ಕೊಳ್ಳಿ."

ಬೀದಿ ತುದಿಯ ಎಟಿಎಂನಲ್ಲಿ ಅವಳು ಪಕ್ಕದಲ್ಲಿ ನಿಂತು ಹೇಳಿದಂತೆ ಕಾರ್ಡ್ ಹಾಕಿ, ನನಗೆ ಬಾಯಿಪಾಠವಿದ್ದ ಯಲ್ಲಯ್ಯನ ಫೋನ್ ನಂಬರನ್ನೂ ಮೊತ್ತವನ್ನೂ ಒತ್ತಿದೆ. ನಾಲ್ಕಂಕಿಯ ಗುಟ್ಟಿನ ನಂಬರೊಂದನ್ನು ನಾನೇ ಆರಿಸಬೇಕಿತ್ತು. ನನ್ನ ನಂಬರು, ಅವನಿಗೆ ಹೋದ ನಂಬರು, ಎರಡೂ ಸೇರದೆ ಹಣ ಕದಲುವುದಿಲ್ಲ. ನಮ್ಮ ಬ್ಯಾಂಕಿನಲ್ಲಿ ಹಣ ಇಡುವ ಸ್ಟ್ರಾಂಗ್‌ರೂಮಿಗೂ ಎರಡು ಬೀಗದಕೈ ಇದ್ದವು, ಮ್ಯಾನೇಜರದೊಂದು, ನನ್ನದೊಂದು. ಇಷ್ಟು ವರ್ಷ ಬೈದುಕೊಂಡು ಬಂದ ಮೆಷಿನ್ನಿನೊಳಗೆ ನಮ್ಮ ಹಳೆಯ ಪದ್ಧತಿಯೇ ಕುಳಿತಿತ್ತು. ನನಗೆ ಮೈ ಜುಮ್ಮೆಂದಿತು.

ಆತುರದಲ್ಲಿ ನನ್ನ ಫೋನ್ ಮನೆಯಲ್ಲೇ ಉಳಿದಿತ್ತು. ಹೆಂಡತಿಯ ಫೋನಿನಿಂದ ಮಾಡಿದೆ.

"ಯಲ್ಲಯ್ಯ, ಬ್ಯಾಂಕಿಂದ ನಂಬರ್ ಬಂತಾ?"

ಕಟ್ ಮಾಡಿದ. ಮತ್ತೆ ಮಾಡಿದೆ.

"ನಾನು ಕಣಯ್ಯ, ಸಿದ್ದಲಿಂಗಯ್ಯ!"

"ಇದು ನಮ್ ಸಾರ್ ನಂಬರಲ್ಲ. ದನಿ ನಕಲು ಮಾಡ್ತಾರೆ ಅಂತ ನಮ್ ಸಾರೇ ಹೇಳವ್ರೆ." ಮತ್ತೆ ಕಟ್.

ಈ ಮನುಷ್ಯ ನನ್ನ ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದ! ಅಲ್ಲಿ ಮಗಳ ರಕ್ತ ಹರಿಯುತ್ತಿದೆ, ಇಲ್ಲಿ ನನ್ನ ಉಪದೇಶವೇ ಅಡ್ಡ ನಿಂತಿದೆ. ಮೂರನೆಯ ಸಲ ಅವನು ಫೋನ್ ಎತ್ತುವುದೇ ತಡ, ಕಿರುಚಿದೆ.

"ಗೌರಿ ಹಬ್ಬದ ದಿನ ನನ್ ರೇಷ್ಮೆ ಪಂಚೆ ಅಂಚು ಸುಟ್ಟು, ಮಡಿಕೆ ಒಳಗೆ ಮುಚ್ಚಿಟ್ಟು ಕೊಟ್ಟೋನು ನೀನೇ ತಾನೇನಯ್ಯಾ!"

"ಸಾರ್, ನೀವೇ ಸಾರ್! ಅದು ನಮ್ಮಿಬ್ರಿಗೇ ಗೊತ್ತಿರೋದು."

ನನ್ನ ನಾಲ್ಕು ಅಂಕಿಗಳನ್ನು ಒಂದೊಂದಾಗಿ ಹೇಳಿದೆ. ಅವನು ಒಂದೊಂದಾಗಿ ಒತ್ತಿದ. ಆಮೇಲೆ ಫೋನಿನೊಳಗಿಂದ ಗರಗರ ಸದ್ದು ಕೇಳಿತು. ಬೇಗೂರಿನಲ್ಲಿ ಯಾರೂ ಇಲ್ಲದ ಕೌಂಟರಿನಲ್ಲಿ ನನ್ನ ನೋಟುಗಳು ಎಣಿಕೆಯಾಗುತ್ತಿದ್ದವು. ಅವನ ಹತ್ತಿರ ಕಾರ್ಡಿಲ್ಲ, ಚೆಕ್ಕಿಲ್ಲ, ಪಾಸ್‌ಬುಕ್ಕಿಲ್ಲ, ಆದರೂ ನನ್ನ ಹಣ ಅವನ ಕೈಗೇ ಬರುತ್ತಿತ್ತು. ಕಣ್ಣು ಬಿಟ್ಟುಕೊಂಡು ಆ ಸದ್ದು ಕೇಳುತ್ತ ನಿಂತೆ.

"ಬಂತು ಸಾರ್, ಆರು ಸಾವ್ರ!" ಅವನು ಅಳುತ್ತಿದ್ದ. "ಸಾರ್, ಸೈನ್ ಎಲ್ಲಿ ಹಾಕ್ಬೇಕು?"

"ಸೈನ್ ಬೇಡಪ್ಪ. ಓಡು."

ಮನೆಗೆ ಹೋಗಲು ಮನಸ್ಸಾಗದೆ ಎಟಿಎಂನ ಮೆಟ್ಟಿಲ ಮೇಲೆ ಇಬ್ಬರೂ ಕುಳಿತೆವು. ಮುಕ್ಕಾಲು ಗಂಟೆಯ ಮೇಲೆ ಫೋನು ಬಂತು.

"ರಕ್ತ ನಿಂತೈತೆ ಸಾರ್. ಮಗಳು ಕಣ್ಬಿಟ್ಟು ನೀರು ಕೇಳಿದ್ಲು."

ನಾನು ಎದ್ದು, ಚಪ್ಪಲಿ ಮೆಟ್ಟಿಲ ಬಳಿ ಬಿಟ್ಟು ಒಳಗೆ ಹೋದೆ. ಮೆಷಿನ್ನಿನ ಮುಂದೆ ನಿಂತು ಕೈ ಮುಗಿದೆ. ಮೀನಾಕ್ಷಮ್ಮ ನಗಬಹುದು ಅಂದುಕೊಂಡಿದ್ದೆ. ತಿರುಗಿ ನೋಡಿದರೆ ಅವಳೂ ಚಪ್ಪಲಿ ಬಿಡುತ್ತಿದ್ದಳು.